ಭರಚುಕ್ಕಿಯಲ್ಲಿ ಒಂದು ಗಂಟೆ

ಶಿವನಸಮುದ್ರದಲ್ಲಿ ಕಾವೇರಿ ಇಬ್ಭಾಗವಾಗಿ, ಗಗನಚುಕ್ಕಿ ಭರಚುಕ್ಕಿಗಳೆಂಬ ಎರಡು ಜಲಪಾತಗಳಾಗಿ ಧುಮುಕುತ್ತಾಳೆ. 1902ರಲ್ಲಿ ಇಲ್ಲಿನ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಹೋದ ಶ್ರಾವಣದಲ್ಲಿ ಭರಚುಕ್ಕಿಯೆದುರಿಗೆ ನಾನು ಒಯ್ದದ್ದು ಮುಷ್ಟಿಯಲ್ಲಡಗುವ ಒಂದು ಮೋಟಾರು!

ಹಳೆಯ ಪ್ರಿಂಟರಿನಿಂದ ಕಳಚಿದ ಆ ಮೋಟಾರು, ಎರಡು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಕ್ಯಾಮೆರಾವನ್ನು ನಿಮಿಷಕ್ಕೆ ಒಂದು ಸೆಂಟಿಮೀಟರಿನಂತೆ ಎಳೆಯಬೇಕು. ಕ್ಯಾಮೆರಾ ಐದು ಸೆಕೆಂಡಿಗೊಂದು ಚಿತ್ರ ತೆಗೆಯಬೇಕು. ಗಂಟೆಗೆ 720 ಚಿತ್ರಗಳು. ಸೆಕೆಂಡಿಗೆ 24ರಂತೆ ಓಡಿಸಿದರೆ ಮೂವತ್ತೇ ಸೆಕೆಂಡುಗಳ ನೋಟ. ಮಸೂರದ ಮುಂದೆ ಕಪ್ಪುಗಾಜನ್ನಿಟ್ಟು, ಪ್ರತಿ ಚಿತ್ರಕ್ಕೂ ಒಂದು ಸೆಕೆಂಡು ಬೆಳಕು ಕೊಟ್ಟೆ; ಇಲ್ಲವಾದರೆ ನೀರು ಹರಿಯದೆ ತುಣುಕುತುಣುಕಾಗಿ ಕುಪ್ಪಳಿಸುತ್ತದೆ.

“ಇಷ್ಟಕ್ಕೆ ಒಂದು ಗಂಟೆ ಕಾಯಬೇಕೇನೋ?” ಎಂದು ನಕ್ಕ ತಂದೆಯವರು ಮುಂದಿನ ಬಂಡೆಯ ಮೇಲೆ ಕುಳಿತರು. ಯಂತ್ರವನ್ನು ಮುಟ್ಟುವಂತಿರಲಿಲ್ಲ, ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ತಾಯಿಯನ್ನು ಮೊದಲ ಸಲ ಇಲ್ಲಿಗೆ ಕರೆತಂದ ಕಥೆಯನ್ನು ಅವರು ಹೇಳತೊಡಗಿದರು. ನಾನು ಅದನ್ನು ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಚಿತ್ರವನ್ನು ಓಡಿಸಿದೆ. ಮೋಡಗಳು ಧಾವಿಸುತ್ತಿವೆ, ನೀರು ರೇಷ್ಮೆಯಂತೆ ಇಳಿಯುತ್ತಿದೆ, ಮೂಲೆಯ ಬಂಡೆಯ ಮೇಲೆ ಎರಡು ತಲೆಗಳು ಒಂದರತ್ತ ಒಂದು ಬಾಗಿವೆ. ಅಷ್ಟು ಹೊತ್ತು ತಂದೆಯವರ ಬಳಿ ಕುಳಿತು ಎಷ್ಟು ವರ್ಷಗಳಾಗಿದ್ದವೋ! ಆ ಒಂದು ಗಂಟೆಯನ್ನು ನನಗೆ ಕೊಡಿಸಿದ್ದು ಮೋಟಾರಿನ ಮಂದಗತಿಯೇ.