ಗಂಟು: ಕೆಲವು ಟಿಪ್ಪಣಿಗಳು

ಅವಿನಾಶಿಯಿಂದ ತಿರುಪ್ಪೂರಿಗೆ ಟೌನ್ ಬಸ್ಸು, ಬೆಳಗ್ಗೆ ಎಂಟೂವರೆ. ಬನಿಯನ್ ಕಂಪನಿಗಳಿಗೆ ಹೋಗುವವರ ನೂಕುನುಗ್ಗಲು. ಕಾಲಿಡಲು ಜಾಗವಿಲ್ಲ, ಆದರೂ ಒಂದು ಸೀಟು ಖಾಲಿ. ಕಿಟಕಿ ಪಕ್ಕ ಕೂತವರ ಕುತ್ತಿಗೆ, ಕೈ ತುಂಬ ಕಡಲೆ ಗಾತ್ರದ ಮೆತ್ತನೆ ಗಂಟುಗಳು. ಹೋಗಿ ಕೂತೆ. ಕೂರುವ ಮುಂಚೆ ಅರೆಗಳಿಗೆ ತಡೆದೆ ಅಂತಲೂ ಬರೆದಿಡಬೇಕು. “ಇದು ಅಂಟೋದಲ್ಲ ಸಾರ್” ಅಂದರು ಅವರು ತಮಿಳಿನಲ್ಲಿ, ಟಿಕೆಟ್ ಕೇಳಿದಷ್ಟು ಸಲೀಸಾಗಿ.

*

ಹೆಸರು ನ್ಯೂರೋಫೈಬ್ರೊಮಟೋಸಿಸ್, ಒಂದನೇ ಬಗೆ. 1882ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಈ ಗಂಟುಗಳು ನರದ ಕವಚದಿಂದಲೇ ಹುಟ್ಟುತ್ತವೆ ಎಂದು ತೋರಿಸಿದ. ಸುಮಾರು 3,000 ಜನರಲ್ಲಿ ಒಬ್ಬರಿಗೆ ಬರುತ್ತದಂತೆ. 2011ರ ಜನಗಣತಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳೆರಡೂ ಸೇರಿ 59 ಲಕ್ಷ ಚಿಲ್ಲರೆ. ಭಾಗಿಸಿದರೆ ಹತ್ತಿರ ಹತ್ತಿರ 2,000. ಇದು ನನ್ನ ಬೆರಳೆಣಿಕೆ ಅಷ್ಟೆ, ಯಾರೂ ತಲೆ ಎಣಿಸಿದ್ದಲ್ಲ. ಇಷ್ಟು ಜನ ಎಲ್ಲಿದ್ದಾರೆ? ಎಷ್ಟೋ ಜನಕ್ಕೆ ಬರೀ ಕಂದು ಮಚ್ಚೆ. ಉಳಿದವರು ತುಂಬುತೋಳಿನ ಅಂಗಿಯೊಳಗೆ ಇರಬಹುದು.

*

ಸಿರುಮುಗೈ, ದೊಡ್ಡಮ್ಮನ ಮನೆ. ದೇವಾಂಗರ ಬೀದಿ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಪಕ್ಕದ ಮನೆಯ ಮಗುವಿನ ಮೈಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಮಚ್ಚೆಗಳು. ಡಾಕ್ಟರು ಇದೇ ಹೆಸರು ಹೇಳಿದ್ದಾರೆ.

“ಸೋದರಮಾವನಿಗೇ ಕೊಟ್ಟರಲ್ಲ, ಅದಕ್ಕೇ” ಅಂದರು ದೊಡ್ಡಮ್ಮ. ಇನ್ನೊಬ್ಬರು, “ಗ್ರಹಣದ ದಿನ ಆಚೆ ಬಂದಿದ್ಲು” ಅಂದರು. ದೂರು ಎರಡು, ಬಿದ್ದದ್ದು ಮಾತ್ರ ತಾಯಿಯೊಬ್ಬಳ ತಲೆಗೇ.

*

ಓದಿ ಗುರುತು ಹಾಕಿಕೊಂಡದ್ದು: ಜೀನ್ ಇರುವುದು 17ನೇ ಕ್ರೋಮೋಸೋಮಿನಲ್ಲಿ, ಪತ್ತೆಯಾದದ್ದು 1990ರಲ್ಲಿ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು. ಹಾಗಾಗಿ ಹತ್ತಿರದ ಸಂಬಂಧಕ್ಕೂ ಇದಕ್ಕೂ ನಂಟಿಲ್ಲ. ಎರಡೂ ಪ್ರತಿ ಕೆಡಲೇಬೇಕಾದ ಬೇರೆ ಕಾಯಿಲೆಗಳಿವೆ, ಒಳಸಂಬಂಧದ ಭಯ ಅಲ್ಲಿ ನಿಜ. ಇಲ್ಲಿ ಅರ್ಧದಷ್ಟು ಜನರ ವಂಶದಲ್ಲಿ ಹಿಂದೆ ಯಾರಿಗೂ ಇಲ್ಲ. ತಪ್ಪು ಅವರಲ್ಲೇ ಹೊಸದಾಗಿ ಶುರು. ಅಂಥ ಹೊಸ ತಪ್ಪುಗಳಲ್ಲಿ ಹೆಚ್ಚಿನವು ಆಗುವುದು ತಂದೆಯ ವೀರ್ಯಾಣುವಿನಲ್ಲಿ! ತಿಂಗಳುಗಟ್ಟಲೆ ತಾಯಿಯನ್ನು ಆಡಿಕೊಂಡದ್ದು ಯಾವ ಲೆಕ್ಕಕ್ಕೆ?

*

ದೊಡ್ಡಪ್ಪನ ಮಗ್ಗ. ಸಾಫ್ಟ್ ಸಿಲ್ಕ್ ಸೀರೆ, ಕಿರುಬೆರಳಗಲ ಬೆಳೆದಿತ್ತು. ಹಾಸಿನ ಎಳೆಯೊಂದು ಪಟ್ಟನೆ ಹರಿಯಿತು. “ಬಿಟ್ರೆ ಸೀರೆ ಉದ್ದಕ್ಕೂ ಗೀರು” ಎಂದು ಎದ್ದು, ಎಳೆಯ ಎರಡು ತುದಿ ಹುಡುಕಿ, ಬೆರಳಲ್ಲೇ ಹೊಸೆದು ಗಂಟು ಹಾಕಿದರು. ಹೊಕ್ಕಿನ ಎಳೆ ತಪ್ಪಿದರೆ ಆ ಸಾಲಷ್ಟೇ ಹಾಳು.

ಇದೇ ಅನ್ನಿಸಿತು. ವೀರ್ಯಾಣುವಿನಲ್ಲೋ ಅಂಡದಲ್ಲೋ ಆದದ್ದು ಹಾಸಿನ ತಪ್ಪು, ಮೈಯೆಲ್ಲ. ಭ್ರೂಣ ಬೆಳೆಯುವಾಗ ಒಂದು ಜೀವಕೋಶದಲ್ಲಿ ಆದದ್ದು ಹೊಕ್ಕಿನ ತಪ್ಪು. ಮಚ್ಚೆ, ಗಂಟು ಒಂದು ತೋಳಿಗೋ ಬೆನ್ನಿನ ಒಂದು ಪಟ್ಟಿಗೋ ಸೀಮಿತ.

ಆದರೆ ಹೋಲಿಕೆ ಪೂರ್ತಿ ಕೂರಲಿಲ್ಲ. ಅದೇ ಎಳೆ ಹರಿದ ಒಂದೇ ಮನೆಯಲ್ಲಿ ಅಪ್ಪನಿಗೆ ಮಚ್ಚೆ ಮಾತ್ರ, ಮಗಳಿಗೆ ಕಣ್ಣಿನ ನರದ ಮೇಲೆ ಗಡ್ಡೆ. ಸೈಕಲ್ಲಿನ ಬ್ರೇಕು ನೆನೆದರೆ ಸ್ವಲ್ಪ ಹೊಳೆಯುತ್ತದೆ: ಜೀನಿನ ಎರಡು ಪ್ರತಿ ಅಂದರೆ ಜೀವಕೋಶದ ಬೆಳವಣಿಗೆಗೆ ಎರಡು ಬ್ರೇಕು. ಹುಟ್ಟುವಾಗಲೇ ಒಂದು ಕೆಟ್ಟಿದೆ, ಇನ್ನೊಂದು ಯಾವ ಜೀವಕೋಶದಲ್ಲಿ, ಯಾವಾಗ ಕೈಕೊಡುತ್ತದೋ ಅಲ್ಲಿ ಗಂಟು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಲ್ಯುಮೆಟಿನಿಬ್ ಮಾತ್ರೆ ಬ್ರೇಕನ್ನು ರಿಪೇರಿ ಮಾಡುವುದಿಲ್ಲ, ಓಟವನ್ನು ಬೇರೆ ಕಡೆಯಿಂದ ತಡೆಯುತ್ತದೆ. ಅದೂ ಶಸ್ತ್ರಕ್ರಿಯೆಗೆ ನಿಲುಕದ ಒಂದು ಬಗೆಯ ಗಡ್ಡೆಗೆ.

*

ಸೋಮನೂರು. ಪವರ್‌ಲೂಮ್ ಸದ್ದಿಗೆ ಊರಿಗೆ ಊರೇ ಕೂಗಿ ಮಾತಾಡುತ್ತದೆ. ಎರಡನೇ ಬಗೆಯ ಕಾಯಿಲೆಯ ಜೀನ್ 22ನೇ ಕ್ರೋಮೋಸೋಮಿನದು. ಗಂಟು ಬೆಳೆಯುವುದು ಎರಡೂ ಕಿವಿಯ ನರದ ಮೇಲೆ, ಮೊದಲು ಹೋಗುವುದು ಶ್ರವಣ. ಇಲ್ಲೊಬ್ಬ ಹುಡುಗನಿಗೆ ಕಿವಿ ಮಂದವಾದರೆ ಮಗ್ಗ ಬಿಟ್ಟು ಬೇರೆ ಯಾವುದನ್ನು ಅನುಮಾನಿಸುತ್ತಾರೆ?

*

ಮತ್ತೆ ಸಿರುಮುಗೈ. ಟೈಲರ್ ಟೇಪು ತಂದು ನನ್ನ ತೋಳಿನ ಮಚ್ಚೆ ಅಳೆದುಕೊಂಡೆ. ಒಂದೇ ಒಂದು, ಅಂಥದ್ದು ಬೇಕಾದಷ್ಟು ಜನಕ್ಕಿರುತ್ತದೆ. ಡಾಕ್ಟರು ನೋಡುವುದು ಆರು ಅಥವಾ ಹೆಚ್ಚು ಇವೆಯೇ ಎಂದು: ಮಕ್ಕಳಲ್ಲಿ ಅರ್ಧ ಸೆಂಟಿಮೀಟರಿಗಿಂತ ದೊಡ್ಡವು, ಪ್ರಾಯ ಬಂದವರಲ್ಲಿ ಒಂದೂವರೆಗಿಂತ. ಜೊತೆಗೆ ಕಂಕುಳಿನ ಚುಕ್ಕೆ, ಕಣ್ಣಿನ ಪಾಪೆಯ ಸುತ್ತಲ ಬಣ್ಣದಲ್ಲಿ ಪುಟ್ಟ ಗುಳ್ಳೆ. ಮಚ್ಚೆ ನೋಯುವುದಿಲ್ಲ ಅಂತ ಸುಮ್ಮನಾಗುವ ಹಾಗಿಲ್ಲ. ಮಗುವಿನ ಕಣ್ಣು, ಬೆನ್ನೆಲುಬು, ಬಿ.ಪಿ. ವರ್ಷವರ್ಷ ತೋರಿಸುತ್ತಿರಬೇಕು.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ತಂದೆಯ ಕಡೆಯ ಮಾತು ಬಂದಾಗ ಅವರ ಕಣ್ಣು ಅರಳಿತು: “ಹಾಗಾದ್ರೆ ತಪ್ಪು ಅವನದಾ?”

ಸುಮಾರು 3 ಲಕ್ಷ ಅಕ್ಷರಗಳ ಜೀನ್ ನಕಲಾಗುವಾಗ ಒಂದು ಅಕ್ಷರ ತಪ್ಪಿದ್ದಕ್ಕೆ ಯಾರ ಹೆಸರು ಹೇಳಲಿ? ಒಳಗೆ ಮಗ್ಗದ ಸದ್ದು ನಿಂತಿತು. ಮತ್ತೆ ಎಳೆ ಹರಿದಿರಬೇಕು. ದೊಡ್ಡಪ್ಪ ಯಾರನ್ನೂ ಬಯ್ದದ್ದು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು.