ಅಪ್ಪ, ಮಗ ಮತ್ತು ಹದಿನೆಂಟು ರನ್

"ಹೆಂಗಸರಿಗೆ ಯಾಕ್ರೀ ಕ್ರಿಕೆಟ್ಟು?" ಎನ್ನುತ್ತಾರೆ ನಮ್ಮ ಮಾದಿಹಳ್ಳಿಯ ನೆರೆಮನೆಯಾಕೆ. ನಮ್ಮನೆಯ ಮೌನ ಮುರಿದದ್ದೇ ಕ್ರಿಕೆಟ್ಟು ಎಂದರೆ ನೀವೂ ನಗುತ್ತೀರೋ ಏನೋ!

2024ರ ಏಪ್ರಿಲ್‌ನಲ್ಲಿ ಮಗ ದ್ವಿತೀಯ ಪಿಯುಸಿ ಗಣಿತದಲ್ಲಿ ಫೇಲಾದ. ಅಪ್ಪ-ಮಗನಿಗೆ ಮಾತೇ ಇಲ್ಲ. ಇವರ ಊಟ ಮುಗಿದು ಮುದ್ದೆ ಆರಿದ ಮೇಲೆಯೇ ಅವನು ತಟ್ಟೆಗೆ ಬರುತ್ತಿದ್ದ. ಅತ್ತ ನಮ್ಮ ಆರ್‌ಸಿಬಿಯೂ ಎಂಟು ಪಂದ್ಯಗಳಲ್ಲಿ ಏಳು ಸೋತಿತ್ತು. ಆಮೇಲೆ ಒಂದರ ಹಿಂದೊಂದು ಐದು ಗೆದ್ದರು ನೋಡಿ! ಮಗನೂ ಎರಡನೇ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ.

ಮೇ 18, ಬೆಂಗಳೂರಿನಲ್ಲಿ ಚೆನ್ನೈ ಮೇಲೆ ಕೊನೆಯ ಲೀಗ್ ಪಂದ್ಯ. ನಮ್ಮವರು 218 ಹೊಡೆದರು. "ಬರೀ ಗೆದ್ರೆ ಸಾಲ್ದಮ್ಮ, ರನ್‌ರೇಟಿನಲ್ಲೂ ಮುಂದಾಗಬೇಕು. 18 ರನ್ನಿನಿಂದಲಾದರೂ ಗೆಲ್ಲಬೇಕು" ಎಂದ ಮಗ, ಕಾಗದ ಮುಟ್ಟದೆ. ಇವರು ತಿರುಗಿ ನೋಡಿ, "ಅದ್ಹೇಗೋ?" ಎಂದರು. ಐದು ವಾರಗಳ ಮೇಲೆ ಆಡಿದ ಮೊದಲ ಮಾತು!

ಮುಂದಿನ ಹಂತಕ್ಕೆ ಹೋಗಲು ಕೊನೆಯ ಓವರಿನಲ್ಲಿ ಚೆನ್ನೈಗೆ 17 ಬೇಕು. ಧೋನಿ ಮೊದಲ ಚೆಂಡಿಗೇ ಸಿಕ್ಸರ್ ಎತ್ತಿದರು. ಮರುಚೆಂಡಿಗೆ ಯಶ್ ದಯಾಳ್ ಅವರನ್ನು ಔಟ್ ಮಾಡಿದರು. ಚೆನ್ನೈ 191ಕ್ಕೆ ನಿಂತಿತು. ಅಪ್ಪ-ಮಗ ಒಟ್ಟಿಗೇ ಕುಣಿದರು.

ನಾಲ್ಕೇ ದಿನಕ್ಕೆ ಆರ್‌ಸಿಬಿ ರಾಜಸ್ಥಾನಕ್ಕೆ ಸೋತಿತು. ಕಪ್ಪು ಬಂದದ್ದು 2025ರ ಜೂನ್ 3ರಂದು. ಮಗ ಮಾತ್ರ ಆ ವಾರವೇ ಪಾಸಾದ, 41 ಅಂಕ ತೆಗೆದು. ಫೇಲಾಗಿದ್ದರೂ ಆ ರಾತ್ರಿ ತಟ್ಟೆ ಒಟ್ಟಿಗೇ ಇಡುತ್ತಿದ್ದೆ. ಸೋತ ಮಕ್ಕಳೊಡನೆ ಮಾತು ಬಿಡಬೇಡಿ, ಅಕ್ಕಂದಿರೇ. ನೆಪ ಕ್ರಿಕೆಟ್ಟಾದರೂ ಸರಿಯೇ.