ಒಂದು ಗೇಣು ನೆಲದ ಲೆಕ್ಕ

ಪರರ ನೆಲವನ್ನು ಒಂದು ಗೇಣಿನಷ್ಟಾದರೂ ಅನ್ಯಾಯವಾಗಿ ಕಬಳಿಸಿದವನ ಕೊರಳಿಗೆ ಅಂತಿಮ ದಿನದಂದು ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಹದೀಸನ್ನು ನಾವು ಪ್ರತಿ ವರ್ಷ ಮದ್ರಸದಲ್ಲಿ ಕಲಿಸುತ್ತೇವೆ. ಮಕ್ಕಳು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಕಲಿಸುವ ನಾವು ಅದನ್ನು ಎಷ್ಟು ಅರಿತಿದ್ದೇವೆ ಎಂಬ ಪ್ರಶ್ನೆಯನ್ನು ನಮ್ಮ ಮುಂದಿರಿಸಿದ್ದು ನೈಜೀರಿಯಾದ ಒಂದು ಚಲನಚಿತ್ರ.

ಚಲನಚಿತ್ರದ ಮಾತೆತ್ತಿದೊಡನೆ ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅದರಲ್ಲಿರುವ ಎಲ್ಲವನ್ನೂ ಒಪ್ಪಿ ನಾವು ಇದನ್ನು ಬರೆಯುತ್ತಿಲ್ಲ. ಅಲ್ಲಿ ಬರುವ ದಂತಕಥೆಯ ರಾಣಿಯ ಕಲ್ಪನೆ ನಮ್ಮ ವಿಶ್ವಾಸಕ್ಕೆ ಹೊಂದುವಂಥದ್ದಲ್ಲ. ಆದರೆ ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಕಲಿತವರು ನಾವು. ಆ ಮೊರೆ ಎಲ್ಲಿಂದ ಕೇಳಿಬಂದರೂ ಕಿವಿಗೊಡುವುದು ನಮ್ಮ ಹೊಣೆ.

ಚಿತ್ರದ ಹೆಸರು 'ದಿ ಲೆಜೆಂಡ್ ಆಫ್ ದ ವೇಗಬಾಂಡ್ ಕ್ವೀನ್ ಆಫ್ ಲಾಗೋಸ್'. 2024ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಅದನ್ನು ನಿರ್ದೇಶಿಸಿದವರು ಒಬ್ಬರಲ್ಲ, ಏಳು ಮಂದಿ. ಅವರ ಬಳಗದ ಹೆಸರು 'ಅಗ್ಬಾಜೋವೊ'. ಯೊರುಬಾ ಭಾಷೆಯಲ್ಲಿ ಒಂದುಗೂಡಿದ ಕೈಗಳು ಎಂದರ್ಥ. ಕಥೆ ಸರಳ. ಲಾಗೋಸ್ ನಗರದ ಹಿನ್ನೀರಿನ ದಡದ ಬಡ ಬಸ್ತಿಯಲ್ಲಿ ಜಾವು ಎಂಬ ಒಂಟಿ ತಾಯಿಗೆ ಭ್ರಷ್ಟ ರಾಜಕಾರಣಿಯೊಬ್ಬ ಬಚ್ಚಿಟ್ಟ ಹಣ ಸಿಗುತ್ತದೆ. ಅತ್ತ ಶ್ರೀಮಂತರ ಬಡಾವಣೆಗಾಗಿ ಬಸ್ತಿಯನ್ನೇ ನೆಲಸಮಗೊಳಿಸುವ ಸಿದ್ಧತೆ ನಡೆದಿದೆ. ಆ ಹಣದಿಂದ ಆಕೆ ತನ್ನ ಬದುಕನ್ನು ಮಾತ್ರ ಉಳಿಸಿಕೊಳ್ಳಬೇಕೇ, ನೆರೆಯವರ ಜೊತೆ ನಿಲ್ಲಬೇಕೇ? ಚಿತ್ರದ ತಿರುಳು ಇದುವೇ.

ಇದು ಬರಿಯ ಕಟ್ಟುಕಥೆಯಲ್ಲ. ಲಾಗೋಸ್‌ನಲ್ಲಿ 1990ರ ಜುಲೈಯಲ್ಲಿ ಮರೋಕೊ ಎಂಬ ಬಸ್ತಿಯನ್ನು ಅಂದಿನ ಸೈನಿಕ ಆಡಳಿತ ಕೆಡವಿದಾಗ ಸುಮಾರು 3 ಲಕ್ಷ ಜನ ನೆಲೆ ಕಳೆದುಕೊಂಡರು. 2016ರ ನವೆಂಬರ್‌ನಲ್ಲಿ ಒಟೊಡೊ ಗ್ಬಾಮೆ ಎಂಬ ಬೆಸ್ತರ ಊರಿನ ಸರದಿ ಬಂತು. ತೆರವಿಗೆ ನ್ಯಾಯಾಲಯ ತಡೆ ನೀಡಿದ ಕೆಲವೇ ದಿನಗಳಲ್ಲಿ ಅಲ್ಲಿ ಬೆಂಕಿ ಹೊತ್ತಿತು, ಬುಲ್ಡೋಜರ್ ನುಗ್ಗಿತು. 2017ರ ಏಪ್ರಿಲ್ ಹೊತ್ತಿಗೆ ಊರು ಸಂಪೂರ್ಣ ಬರಿದಾಯಿತು. ಬೀದಿಪಾಲಾದವರು 30,000ಕ್ಕೂ ಅಧಿಕ. ಜೀವವುಳಿಸಿಕೊಳ್ಳಲು ನೀರಿಗೆ ಹಾರಿದ ಕೆಲವರು ದಡ ಸೇರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಈ ತೆರವು ಸಂವಿಧಾನಬಾಹಿರ, ಅಮಾನವೀಯ ಎಂದು ಲಾಗೋಸ್ ಹೈಕೋರ್ಟ್ ತೀರ್ಪಿತ್ತಿತು. ಆ ಹೊತ್ತಿಗೆ ಮರಳಲು ಊರೇ ಉಳಿದಿರಲಿಲ್ಲ.

ಪವಿತ್ರ ಕುರ್‌ಆನ್ ಸೂರಃ ಅಲ್ ಬಕರದ 84ನೇ ವಚನದಲ್ಲಿ ಬನೀ ಇಸ್ರಾಈಲರಿಂದ ಪಡೆದ ಕರಾರನ್ನು ನೆನಪಿಸುತ್ತದೆ. ರಕ್ತ ಹರಿಸದಿರುವುದು ಮತ್ತು ತಮ್ಮವರನ್ನು ಮನೆಗಳಿಂದ ಹೊರಗಟ್ಟದಿರುವುದು, ಎರಡನ್ನೂ ಅಲ್ಲಾಹನು ಒಟ್ಟಿಗೆ ಹೇಳಿದ್ದಾನೆ. ಮನೆ ಕಿತ್ತುಕೊಳ್ಳುವುದು ಎಷ್ಟು ದೊಡ್ಡ ಪಾತಕವೆಂಬುದಕ್ಕೆ ಬೇರೆ ಪುರಾವೆ ಬೇಕೇ? ಪ್ರವಾದಿವರ್ಯರು(ಸ) ಮದೀನಾದಲ್ಲಿ ಮಸೀದಿ ಕಟ್ಟಲು ಬಯಸಿದ ನೆಲ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥರದಾಗಿತ್ತು. ಉಚಿತವಾಗಿ ನೀಡುತ್ತೇವೆಂದರೂ ಪ್ರವಾದಿಯವರು(ಸ) ಒಪ್ಪದೆ ಬೆಲೆ ಕೊಟ್ಟೇ ಪಡೆದರು. ಮುಂದೆ ಹಝ್ರತ್ ಉಮರ್(ರ) ಅದೇ ಮಸೀದಿಯನ್ನು ವಿಸ್ತರಿಸಲು ಹಝ್ರತ್ ಅಬ್ಬಾಸ್(ರ)ರ ಮನೆಯನ್ನು ಕೇಳಿದರು. ಅಬ್ಬಾಸ್(ರ) ನಿರಾಕರಿಸಿದರು. ವಿವಾದ ಉಬಯ್ಯ್ ಬಿನ್ ಕಅಬ್(ರ)ರ ಮುಂದೆ ಹೋದಾಗ ತೀರ್ಪು ಖಲೀಫರ ವಿರುದ್ಧ ಬಂತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಉಮರ್(ರ) ತಲೆಬಾಗಿದರು. ಅನಂತರವೇ ಅಬ್ಬಾಸ್(ರ) ಸ್ವಇಚ್ಛೆಯಿಂದ ಅದನ್ನು ದಾನವಾಗಿತ್ತರು.

ಇದೆಲ್ಲವನ್ನೂ ಬಲ್ಲ ನಾವೇ ಎಡವಿದ್ದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ನಮ್ಮ ಮೊಹಲ್ಲಾದಲ್ಲಿ ಮಸೀದಿಗೆ ತಾಗಿ ವೃದ್ಧ ವಿಧವೆಯೊಬ್ಬರ ಪುಟ್ಟ ಮನೆಯಿದೆ. ವುಝೂ ಮಾಡುವ ಜಾಗ ವಿಸ್ತರಿಸಲು ಅದು ಬೇಕೆಂದು ಕೆಲವರು ಆಕೆಯ ಬಾಗಿಲಿಗೆ ಮತ್ತೆ ಮತ್ತೆ ಹೋಗುತ್ತಿದ್ದರು. ಉಸ್ತಾದರ ಮಾತಿಗೆ ತೂಕವಿದೆಯೆಂದು ನಮ್ಮನ್ನೂ ಕರೆದೊಯ್ದರು. ಮಸೀದಿ ಕಟ್ಟುವವರಿಗಿರುವ ಪ್ರತಿಫಲದ ಬಗ್ಗೆ ನಾವು ಸವಿಸ್ತಾರವಾಗಿ ಹೇಳಿದೆವು. ಎಲ್ಲವನ್ನೂ ಕೇಳಿದ ಆ ತಾಯಿ, "ಉಸ್ತಾದರೇ, ನನ್ನ ಯಜಮಾನರ ಮಯ್ಯಿತ್ ಹೊರಟದ್ದು ಈ ಬಾಗಿಲಿನಿಂದ. ನಾನೂ ಇಲ್ಲಿಂದಲೇ ಹೊರಡಬೇಕೆಂದಿದ್ದೆ" ಎಂದಷ್ಟೇ ಹೇಳಿದರು. ಅಂದು ನಮಗೆ ಅದು ಹಟವಾಗಿ ಕಂಡಿತ್ತು.

ಚಿತ್ರ ನೋಡಿದ ರಾತ್ರಿ ಆ ಮಾತು ನಮ್ಮನ್ನು ಮಲಗಗೊಡಲಿಲ್ಲ. ನಾವು ಬುಲ್ಡೋಜರ್ ತಂದಿರಲಿಲ್ಲ, ನಿಜ. ಆದರೆ ಒಂಟಿ ಹೆಂಗಸಿನ ಜಗಲಿಯಲ್ಲಿ ಹತ್ತು ಗಂಡಸರು ಕುಳಿತು ಧರ್ಮದ ಹೆಸರೆತ್ತಿದರೆ ಅದೂ ಬಲವಂತವೇ ಅಲ್ಲವೇ? ಮರುದಿನ ಹೋಗಿ ಕ್ಷಮೆ ಯಾಚಿಸಿದೆವು. ಆಕೆ ಏನೂ ಹೇಳಲಿಲ್ಲ. ಚಹಾ ಮಾಡಿ ತಂದರು. ಜಮಾಅತಿನ ಸಭೆಯಲ್ಲಿ ಅಬ್ಬಾಸ್(ರ)ರ ಪ್ರಸಂಗವನ್ನು ಮುಂದಿಟ್ಟು, ಆ ಮನೆಯ ಮಾತನ್ನು ಕೈಬಿಡಬೇಕೆಂದು ವಿನಂತಿಸಿದೆವು. ಯೋಜನೆ ಸದ್ಯಕ್ಕೆ ನಿಂತಿದೆ. ಕೆಲವರ ಮುನಿಸು ಇನ್ನೂ ಇಳಿದಿಲ್ಲ.

ಪ್ರಿಯ ಓದುಗರೇ, ದೂರದ ಲಾಗೋಸ್‌ನ ಅನ್ಯಾಯಕ್ಕೆ ಕಣ್ಣೀರು ಸುರಿಸುವುದು ಸುಲಭ. ಆಸ್ತಿ ಪಾಲಿನಲ್ಲಿ ಸಹೋದರಿಯ ಹಕ್ಕು, ಬೇಲಿ ಸರಿಸುವಾಗ ನೆರೆಯವನ ಗೇಣು ನೆಲ, ಬಾಡಿಗೆದಾರನಿಗೆ ಕೊಡಬೇಕಾದ ಕಾಲಾವಕಾಶ, ಇವುಗಳ ಲೆಕ್ಕ ನಮ್ಮ ಮನೆಯಲ್ಲೇ ಇದೆ. ಅದು ನಾಳೆ ಕೊರಳಿಗೆ ಬೀಳುವ ಮುನ್ನ ಇಂದೇ ಚುಕ್ತಾ ಮಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.